ಮೌನಪ್ಪ ಮಾಸ್ತರರ ಹಾಜರಿ

ಮಾನ್ವಿ ತಾಲೂಕಿನ ಕರಿಹೊಂಡದ ಶಾಲೆಯ ಮೌನಪ್ಪ ಮಾಸ್ತರರು ಒಂಬತ್ತು ವರ್ಷದಲ್ಲಿ ಐದು ತರಬೇತಿ ಮುಗಿಸಿದರು. ಐದಕ್ಕೂ ಸರ್ಟಿಫಿಕೇಟು ಬಂದವು. ಒಂದರ ಮೇಲೂ ಅವರ ಹೆಸರಿರಲಿಲ್ಲ. ಇದನ್ನು ಕೇಳಿದವರು ಮೊದಲು ನಗುತ್ತಾರೆ. ನಗಲಿ, ನಕ್ಕು ಮುಗಿದ ಮೇಲೆ ಉಳಿದದ್ದನ್ನೂ ಕೇಳಲಿ.

ಮಾಸ್ತರರು ಹುಟ್ಟಿದ್ದು ಕುರ್ಡಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ. ಅಪ್ಪ ಬೇಗ ತೀರಿಕೊಂಡ. ಅವ್ವ ಅಮರಮ್ಮ ಹತ್ತಿ ಬಿಡಿಸಿ, ಕಳೆ ತೆಗೆದು ಮಗನನ್ನು ಮಾನ್ವಿಯ ಹೈಸ್ಕೂಲು ದಾಟಿಸಿದಳು, ರಾಯಚೂರಿನಲ್ಲಿ ಟಿ.ಸಿ.ಎಚ್. ಓದಿಸಿದಳು. ೧೯೭೨ರಲ್ಲಿ ನೌಕರಿ ಆರ್ಡರು ಬಂದ ದಿನ ಅವಳು ಮಗನಿಗೆ ಕೇಳಿದ್ದು ಒಂದೇ ಮಾತು: “ನಿನ್ನ ಹೆಸರು ಹೆಂಗ ಬರೀತಾರ, ತೋರ್ಸು ಯಪ್ಪಾ.” ಮಾಸ್ತರರು ಒಲೆಯ ಬೂದಿ ಹರಡಿ ಬೆರಳಿನಿಂದ ಬರೆದು ತೋರಿಸಿದರು. ಅವಳು ಅದರ ಮೇಲೆಯೇ ತಿದ್ದಿ ತಿದ್ದಿ ಕಲಿತಳು. ಮೌನಪ್ಪ ಎಂಬ ಆ ಮೂರು ಅಕ್ಷರ ಬಿಟ್ಟರೆ ಅಮರಮ್ಮನಿಗೆ ಬೇರೆ ಓದು ಬರಲಿಲ್ಲ. ಅಷ್ಟನ್ನೇ ಇಟ್ಟುಕೊಂಡು ಅವಳು ಬಸ್ಸಿನ ಬೋರ್ಡು, ಗೋಡೆ ಬರಹ, ಲಗ್ನಪತ್ರಿಕೆ ಎಲ್ಲದರಲ್ಲೂ ಮಗನನ್ನು ಹುಡುಕುತ್ತಿದ್ದಳು.

ಕರಿಹೊಂಡ ಶಾಲೆಯ ಹೆಡ್ ಮಾಸ್ತರ ಹನುಮಂತ್ರಾಯ. ಅವನಿಗೆ ಬಹುವಚನ ಹಚ್ಚುವಷ್ಟು ಉದಾರತನ ಈ ಕಥೆಗಿಲ್ಲ. ಊರಲ್ಲಿ ದೊಡ್ಡ ಹೊಲ, ದೊಡ್ಡ ಮನೆ. ನಡುವೆ ಸಮಯ ಸಿಕ್ಕರೆ ಶಾಲೆ. ೧೯೭೫ರಲ್ಲಿ ಅವನ ಹೆಸರಿಗೆ ಹೊಸ ಗಣಿತದ ತರಬೇತಿ ಬಂತು. ಹತ್ತು ದಿನ ರಾಯಚೂರಿನಲ್ಲಿ ಇರಬೇಕು. ಅದೇ ಹೊತ್ತಿಗೆ ಹೊಲದಲ್ಲಿ ಶೇಂಗಾ ಕೀಳುವುದಿತ್ತು.

“ನೀ ಹೋಗಿ ಬಾ ಮೌನಪ್ಪ. ಹಾಜರಿ ಕರದಾಗ ನನ್ನ ಹೆಸರಿಗೆ ಹೂಂ ಅನ್ನು, ಸಹಿ ಮಾಡು. ಅಲ್ಲಿ ಯಾರು ನನ್ನ ಮುಖ ನೋಡ್ಯಾರ?” ಅಂದ.

“ನನ್ನ ಹೆಸರು ಯಾವಾಗ ಕಳಿಸ್ತೀರಿ ಸರ್?”

“ಮುಂದಿನ ಸಲ ಕಳಿಸಿದ್ರಾತು.”

ಆ ಹತ್ತು ದಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಮೌನಪ್ಪ ಪಾಠ ಮಾಡುತ್ತಿದ್ದರು, ರಾಯಚೂರಿನ ಹಾಜರಿ ಪುಸ್ತಕದಲ್ಲಿ ಹನುಮಂತ್ರಾಯ ಗಣಿತ ಕಲಿಯುತ್ತಿದ್ದ. ನಿಜಕ್ಕೂ ಕಲಿಯುತ್ತಿದ್ದವರು ಒಬ್ಬರು, ಶೇಂಗಾ ಕೀಳಿಸುತ್ತಿದ್ದವನು ಇನ್ನೊಬ್ಬ. ಮಕ್ಕಳು ಬಯಲಲ್ಲಿ ಆಡುತ್ತಿದ್ದರು. ಸರಕಾರದ ಕಾಗದದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು.

ಕೊನೆಯ ದಿನ ಸರ್ಟಿಫಿಕೇಟು ಹಿಡಿದುಕೊಂಡು ಮಾಸ್ತರರು ಮೊದಲು ಕುರ್ಡಿಗೆ ಹೋದರು. ಅಮರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಕಾಗದದ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ, ಮತ್ತೊಮ್ಮೆ ಮೇಲಿನಿಂದ ಕೆಳಗೆ.

“ಇದರಾಗ ನೀ ಎಲ್ಲಿದ್ದೀಯೋ ಯಪ್ಪಾ?”

“ಇಂಗ್ಲಿಷಿನ್ಯಾಗ ಬರದಾರವ್ವಾ,” ಅಂದರು ಮಾಸ್ತರರು. ಅವ್ವನ ಮುಂದೆ ಅವರು ಆಡಿದ ಮೊದಲ ಸುಳ್ಳು ಅದು. ಅವಳು ನಂಬಿದಳು.

ಆ ಸರ್ಟಿಫಿಕೇಟಿಗೆ ಹನುಮಂತ್ರಾಯ ಕಟ್ಟು ಹಾಕಿಸಿ ತನ್ನ ಮನೆಯ ಪಡಸಾಲೆಯಲ್ಲಿ ತೂಗು ಹಾಕಿದ. ಮಾಸ್ತರರನ್ನು ಆ ಪಡಸಾಲೆಗೆ ಯಾರೂ ಕರೆಯುತ್ತಿರಲಿಲ್ಲ. ಕೆಲಸವಿದ್ದು ಹೋದಾಗ ಹೊರಗಿನ ಕಟ್ಟೆಯ ಮೇಲೆ ನಿಂತು, ತಾವು ಹತ್ತು ದಿನ ಕೂತು ಪಡೆದದ್ದನ್ನು ಬಾಗಿಲ ಸಂದಿಯಿಂದ ನೋಡಿ ಬರುತ್ತಿದ್ದರು.

ಮುಂದಿನ ಸಲ ಬಂದದ್ದೂ ಅವರ ಹೆಸರಿಗಲ್ಲ. ಶಾಲೆಯ ಇನ್ನೊಬ್ಬ ಮಾಸ್ತರ ಯಮನೂರಪ್ಪನಿಗೆ ಕವಿತಾಳದಲ್ಲಿ ಬಟ್ಟೆ ಅಂಗಡಿ ಇತ್ತು. ವಿಜ್ಞಾನದ ಪೆಟ್ಟಿಗೆ ಬಳಸುವ ತರಬೇತಿ ಬಂದದ್ದು ಲಗ್ನದ ಸೀಜನ್ನಿನಲ್ಲಿ. ಅಂಗಡಿ ಬಿಟ್ಟು ಅವನು ಹೋಗುವುದುಂಟೇ? ಮಾಸ್ತರರು ಹೋದರು. ಮತ್ತೊಂದು ಸಲ, ಅದೂ ಅವನ ಹೆಸರಿಗೇ, ದೇವದುರ್ಗದಲ್ಲಿ, ಒಬ್ಬರೇ ನಾಲ್ಕು ಇಯತ್ತೆಗೆ ಪಾಠ ಮಾಡುವುದು ಹೇಗೆ ಎಂಬ ಶಿಬಿರ. ಅಲ್ಲಿ ಸಂತೆಯಲ್ಲಿ ಯಾರೋ “ಯಮನೂರಪ್ಪಾ” ಎಂದು ಕೂಗಿದಾಗ ಮಾಸ್ತರರು ತಿರುಗಿ ನೋಡಿಬಿಟ್ಟರು. ಆ ದಿನ ಅವರಿಗೆ ಊಟ ಸೇರಲಿಲ್ಲ.

ಆದರೂ ಹೋಗುತ್ತಿದ್ದರು, ಯಾಕೆಂದರೆ ಅವರಿಗೆ ಕಲಿಯುವ ಹುಚ್ಚು. ಕಲಿತದ್ದನ್ನೆಲ್ಲ ಕರಿಹೊಂಡಕ್ಕೆ ಹೊತ್ತು ತರುತ್ತಿದ್ದರು. ಜೋಳದ ದಂಟು ಕತ್ತರಿಸಿ ಅಳತೆ ಕಲಿಸಿದರು. ಕುರಿ ಕಾಯುವ ಮನೆಗಳ ಮಕ್ಕಳಿಗೆ ಕುರಿ ಹಿಂಡಿನಿಂದಲೇ ಲೆಕ್ಕ ಹೇಳಿಕೊಟ್ಟರು. ಬೆಳಿಗ್ಗೆ ಪಾಠ ಶುರುವಾಗುವ ಮೊದಲು ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ಅದರ ಕೆಳಗೆ ದಿನಕ್ಕೊಂದು ಮಗು ತನ್ನ ಹೆಸರು ಬರೆಯಬೇಕು. ಓದು ಬಿಟ್ಟು ಹೋದ ಮಗುವಿಗೂ ತನ್ನ ಹೆಸರೊಂದು ಕೈಯಲ್ಲಿ ಉಳಿಯಲಿ ಎಂಬುದು ಅವರ ಹಟ. ಆ ಹಟ ಬಂದದ್ದು ಒಲೆಯ ಬೂದಿಯಿಂದ.

೧೯೮೪ರಲ್ಲಿ ಐದನೆಯ ತರಬೇತಿ ಬಂತು, ರಾಯಚೂರಿನಲ್ಲಿ, ಮತ್ತೆ ಯಮನೂರಪ್ಪನ ಹೆಸರಿಗೆ. ಈ ಸಲ ನಡೆಸಿದವರು ಸುಗ್ರಾ ಬೇಗಂ. ರಾಯಚೂರಿನವರೇ. ಪೂರ್ವ ಆಫ್ರಿಕಾದ ಒಂದು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಅಲ್ಲಿನ ಅಧ್ಯಾಪಕರಿಗೆ ತರಬೇತಿ ಕೊಟ್ಟು ಆಗಷ್ಟೇ ಮರಳಿದ್ದರು.

“ಅಲ್ಲಿ ಪ್ರೊಫೆಸರ್ ಪಾಠ ಮಾಡುವಾಗ ಇನ್ನೊಬ್ಬ ಪ್ರೊಫೆಸರ್ ಹಿಂದಿನ ಬೆಂಚಿನ್ಯಾಗ ಕೂತು ನೋಡ್ತಾರ,” ಅಂದರು ಬೇಗಂ ಮೊದಲ ದಿನವೇ. “ಆಮ್ಯಾಲ ಇಬ್ಬರೂ ಚಹಾ ಕುಡೀತ ತಪ್ಪು ಒಪ್ಪು ಮಾತಾಡ್ತಾರ. ಕಲಿತದ್ದು ಮುಗೀತು ಅನ್ನಾಂವ ಅಲ್ಲಿ ಯಾರೂ ಇಲ್ಲ. ಇಲ್ಲೀನೂ ಹಂಗ ಮಾಡೋಣ. ನಾ ನಿಮ್ಮ ಸಾಲಿಗೆ ಬಂದು ಪಾಠ ನೋಡ್ತೀನಿ. ನೋಡಿದ ಮ್ಯಾಲೇ ಸರ್ಟಿಫಿಕೇಟು.” ಇನ್ನೂ ಒಂದು ಮಾತು ಹೇಳಿದರು: ಆ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗುವವರಿಗೆ ಒಂದು ವರ್ಷದ ಕೋರ್ಸಿದೆ, ಈ ಶಿಬಿರದಿಂದ ಒಬ್ಬರ ಹೆಸರನ್ನು ಅದಕ್ಕೆ ಬರೆದು ಕಳಿಸುತ್ತೇನೆ.

ಆರನೆಯ ದಿನ ಮಾಸ್ತರರು ಬುತ್ತಿಯ ರೊಟ್ಟಿ ಮುರಿದು ಅರ್ಧ, ಕಾಲು, ಅರೆಕಾಲು ಎಂದು ಭಿನ್ನರಾಶಿ ಕಲಿಸಿ ತೋರಿಸಿದರು. ಸುಗ್ರಾ ಬೇಗಂ ಎದ್ದು ಹತ್ತಿರ ಬಂದರು. “ಇದನ್ನ ಯಾರು ಕಲಿಸಿದ್ರು ಯಮನೂರಪ್ಪ ಮಾಸ್ತರ್?”

“ನಮ್ಮವ್ವ ರೀ ಮೇಡಂ. ಒಂದ ರೊಟ್ಟಿ ಎಲ್ಲಾರಿಗೂ ಹಂಚುತಿದ್ಳು.”

ಬೇಗಂ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಬರೆದುಕೊಂಡದ್ದು ಯಾರ ಹೆಸರೆಂದು ಮಾಸ್ತರರಿಗೆ ಗೊತ್ತಿತ್ತು. ಊರಿಗೆ ಬಂದವರೇ ಹೆಡ್ ಮಾಸ್ತರನಿಗೆ ಹೇಳಿದರು: “ಮೇಡಂ ಬರ್ತಾರ ಸರ್. ಖರೆ ಹೇಳಿಬಿಡೋಣ.”

“ಹೇಳಿದ್ರ ಯಾರು ಸಿಗಿಬೀಳ್ತಾರ ಗೊತ್ತದೇನು? ಐದೂ ಸಲ ಸುಳ್ಳು ಸಹಿ ಮಾಡಿದ ಕೈ ನಿಂದು. ನೌಕರಿ ಬೇಕಂದ್ರ ಅವತ್ತೊಂದು ದಿನ ಯಮನೂರಪ್ಪ ಆಗು,” ಅಂದ ಹನುಮಂತ್ರಾಯ. ಮಕ್ಕಳಿಗೂ ಮೂರು ದಿನ ಅದನ್ನೇ ಉರು ಹೊಡೆಸಿದ: ಮೇಡಂ ಕೇಳಿದರೆ ನಿಮ್ಮ ಮಾಸ್ತರರ ಹೆಸರು ಯಮನೂರಪ್ಪ. ಪಾಠಶಾಲೆಯಲ್ಲಿ, ಹೆಡ್ ಮಾಸ್ತರನೇ ನಿಂತು, ಮಕ್ಕಳಿಗೆ ಕಲಿಸಿದ ಪಾಠ ಇದು.

ಆ ದಿನ ಯಮನೂರಪ್ಪ ಕವಿತಾಳದ ಅಂಗಡಿಯಲ್ಲಿ ಉಳಿದ. ಸುಗ್ರಾ ಬೇಗಂ ಬಸ್ಸಿಳಿದು ನಡೆದು ಬಂದು, ಕುರ್ಚಿ ಬೇಡವೆಂದು, ಹಿಂದೆ ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತರು. ಬಾಗಿಲಲ್ಲಿ ಹನುಮಂತ್ರಾಯ. ಹೆಸರು ಬರೆಯುವ ಸರದಿ ಮೂರನೆಯ ಇಯತ್ತೆಯ ಹುಲಗೆಮ್ಮನದು. ಅವಳು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಳು.

“ಬರಿಯವ್ವಾ,” ಅಂದರು ಮಾಸ್ತರರು.

“ನೀವ ಮೊದಲ ಬರೀಬೇಕಲ್ರೀ ಸರ್.”

ಮಾಸ್ತರರು ಸೀಮೆಸುಣ್ಣ ತೆಗೆದುಕೊಂಡರು. ಬೇರೆಯವರ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದದ್ದುಂಟು. ಈ ಮಕ್ಕಳ ಬೋರ್ಡಿನ ಮೇಲೆ ಬರೆದಿರಲಿಲ್ಲ. ಹೆಸರನ್ನೂ ದೊಡ್ಡವರು ಹೇಳಿದ ಹಾಗೆ ಬದಲಿಸಬೇಕೆಂದು ಈ ಹುಡುಗಿ ಇವತ್ತು ಕಲಿತರೆ, ತಾವು ಕಲಿತ ಐದು ತರಬೇತಿಯೂ ಮಣ್ಣುಪಾಲು ಎಂದು ಅವರಿಗನಿಸಿತು. ದುಂಡಗೆ ಬರೆದರು: ಮೌನಪ್ಪ. ಹುಲಗೆಮ್ಮ ಕೆಳಗೆ ತನ್ನದನ್ನು ಬರೆದಳು. ಬಾಗಿಲ ಕಡೆ ನೋಡದೆ ಮಾಸ್ತರರು ರೊಟ್ಟಿ ತೆಗೆದು, ನಲವತ್ತು ನಿಮಿಷದ ಪಾಠ ಪೂರ್ತಿ ಮುಗಿಸಿದರು.

ಆಮೇಲೆ ಬೇವಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಸುಗ್ರಾ ಬೇಗಂ ಮೊದಲು ಸಿಟ್ಟಾದದ್ದು ಅವರ ಮೇಲೆಯೇ. “ಒಂಬತ್ತು ವರ್ಷ ಯಾಕ ಸುಮ್ಮನಿದ್ರಿ?”

“ಹೆಸರು ಕೇಳಿದ್ರ ಕಲಿಯೋದೂ ಸಿಗ್ತಿದ್ದಿಲ್ರೀ ಮೇಡಂ.”

ಬೇಗಂ ರಾಯಚೂರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ವರದಿ ಬರೆದರು. ಆಫ್ರಿಕಾದ ಕೋರ್ಸಿಗೆ ಮೌನಪ್ಪನ ಹೆಸರನ್ನೇ ಕಳಿಸಿದರು. ಮೇಲಿನ ಸಾಹೇಬರು ವರದಿ ಓದಿದರು. ಹಿಂದಿನ ನಾಲ್ಕು ಸರ್ಟಿಫಿಕೇಟು ರದ್ದು ಮಾಡಿದರೆ, ಕೊಟ್ಟವರು ಯಾರು ಎಂಬ ಪ್ರಶ್ನೆ ಬರುತ್ತದಲ್ಲ? ಆದ್ದರಿಂದ ಅವು ಹಾಗೇ ಉಳಿದವು, ಐದನೆಯದನ್ನೂ ಯಮನೂರಪ್ಪನ ಹೆಸರಿಗೇ ಕೊಟ್ಟರು. ಹೆಡ್ ಮಾಸ್ತರನ ವಿವರಣೆ ತೃಪ್ತಿಕರವಾಯಿತು. ಸುಳ್ಳು ಸಹಿಗಾಗಿ ಮೌನಪ್ಪ ಮಾಸ್ತರರನ್ನು ಮೂರು ತಿಂಗಳು ಸಸ್ಪೆಂಡು ಮಾಡಿ, ದೇವದುರ್ಗ ತಾಲೂಕಿನ, ಬಸ್ಸೇ ಹೋಗದ ಒಂದು ಹಳ್ಳಿಗೆ ವರ್ಗ ಮಾಡಿದರು. ಕೋರ್ಸಿನ ಕಾಗದ ಎರಡು ಸಾಲಿನ ಷರಾದೊಂದಿಗೆ ಮರಳಿತು: ದಾಖಲೆಯ ಪ್ರಕಾರ ಸದರಿ ಶಿಕ್ಷಕರು ಯಾವುದೇ ತರಬೇತಿ ಪಡೆದಿರುವುದಿಲ್ಲ. ಸಹಿ ಮಾಡಿದ್ದಕ್ಕೆ ಶಿಕ್ಷೆ ಕೊಟ್ಟವರೇ, ಕಲಿತಿಲ್ಲ ಎಂದೂ ಬರೆದರು. ಎರಡೂ ಒಂದೇ ಮೇಜಿನಿಂದ ಹೊರಟವು, ಯಾರಿಗೂ ನಾಚಿಕೆಯಾಗಲಿಲ್ಲ.

ತರಬೇತಿ ಪಡೆಯದವರನ್ನೆಲ್ಲ ೧೯೮೬ರ ಬೇಸಿಗೆಯಲ್ಲಿ ರಾಯಚೂರಿಗೆ ಕರೆಸಿದರು. ಪಟ್ಟಿಯಲ್ಲಿ ಮೌನಪ್ಪನ ಹೆಸರಿತ್ತು. ಹೋಗಿ ಕೂತರು. ಹಾಜರಿ ಪುಸ್ತಕ ಹಿಡಿದು ಒಳಗೆ ಬಂದ ತರಬೇತುದಾರ ಯಮನೂರಪ್ಪ. ಸರ್ಟಿಫಿಕೇಟು ಹೆಚ್ಚಿದ್ದವರನ್ನು ಹುಡುಕಿ ತರಬೇತುದಾರರನ್ನಾಗಿ ಮಾಡಿದ್ದರು.

“ಮೌನಪ್ಪ,” ಎಂದು ಕರೆದ, ತಲೆ ಎತ್ತದೆ.

“ಹಾಜರ್ ಸರ್.” ತರಬೇತಿಯ ಕೋಣೆಯಲ್ಲಿ ತಮ್ಮ ಹೆಸರಿಗೆ ಅವರು ಓ ಅಂದದ್ದು ಅದೇ ಮೊದಲು.

ಮೂರನೆಯ ದಿನ ಭಿನ್ನರಾಶಿ. ಕೈಪಿಡಿಯಲ್ಲಿ ರೊಟ್ಟಿಯ ಪಾಠ ಅಚ್ಚಾಗಿತ್ತು. ರೂಪಿಸಿದವರು ಎಂಬಲ್ಲಿ ಯಮನೂರಪ್ಪನ ಹೆಸರೂ ಇತ್ತು. ಅವನು ರೊಟ್ಟಿ ಕೈಗೆತ್ತಿಕೊಂಡು ಮೂರು ಸಮಪಾಲು ಮಾಡಲು ಹೋದ. ಒಂದು ಸಣ್ಣದಾಯಿತು, ಒಂದು ಪುಡಿಯಾಯಿತು. ಹಳೆಯ ರೂಢಿಯಂತೆ ಕಣ್ಣು ಮಾಸ್ತರರ ಕಡೆ ಹೋಯಿತು. “ಮೌನಪ್ಪ, ಬಂದು ಸ್ವಲ್ಪ ತೋರ್ಸು.”

ಮಾಸ್ತರರು ಎದ್ದು ನಿಂತರು. “ಇಲ್ರೀ ಸರ್. ಒಂಬತ್ತು ವರ್ಷ ನಿಮ್ಮಂಥವರ ಹೆಸರಿಗೆ ಕಲ್ತೀನಿ. ಇವತ್ತು ನನ್ನ ಹೆಸರಿಗೆ ಬಂದೀನಿ. ನೀವ ಕಲಿಸ್ರಿ.”

ಹೇಳಿ ಕೂತು, ಹೊಸ ಪುಸ್ತಕ ತೆರೆದು, ಪೆನ್ನು ಹಿಡಿದು ಕಾದರು. ಕೋಣೆಯಲ್ಲಿದ್ದ ಅರವತ್ತು ಮಂದಿಯೂ ಕಾದರು. ಯಮನೂರಪ್ಪ ರೊಟ್ಟಿಯ ಚೂರು ಹಿಡಿದು ಗಂಟೆ ಹೊಡೆಯುವವರೆಗೆ ನಿಂತಿದ್ದ.

ಕೊನೆಯ ದಿನ ಸರ್ಟಿಫಿಕೇಟು ಕೊಟ್ಟರು. ಕೆಳಗೆ ತರಬೇತುದಾರನ ಸಹಿ ಇತ್ತು, ಯಾರದೆಂದು ಹೇಳಬೇಕಿಲ್ಲ. ಮಾಸ್ತರರು ಅದನ್ನು ಹರಿದು ಹಾಕುತ್ತಿದ್ದರೋ ಏನೋ, ಕುರ್ಡಿಯ ಬಸ್ಸು ಬಂತು. ಅಮರಮ್ಮನಿಗೆ ಈಗ ಕಣ್ಣು ಮಂದ. ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ನಡುವೆ ಒಂದು ಕಡೆ ಬೆರಳು ನಿಂತಿತು.

“ಈ ಸಲ ಕನ್ನಡದಾಗ ಬರದಾರ ನೋಡು ಯಪ್ಪಾ,” ಅಂದಳು.