ಬಲಕ್ಕೆ ತಿರುಗಿದ ಬಾಣ

ಅಂಗಡಿ ಬೀದಿಯಲ್ಲಿ ಅವನನ್ನು ಬಾಲದ ಪೇಂಟರ್ ಎಂದು ಕರೆಯುತ್ತಿದ್ದರು. ಇದರಲ್ಲಿ ಅವಮಾನವೇನೂ ಇಲ್ಲ ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಬಾಲ ಇದ್ದದ್ದು ಅವನಿಗಲ್ಲ, ಅವನು ಬರೆದ ಒತ್ತಕ್ಷರಗಳಿಗೆ. ಬೇರೆ ಪೇಂಟರುಗಳು ಒತ್ತಕ್ಷರವನ್ನು ಮೇಲಿನ ಅಕ್ಷರದ ಕಾಲಡಿಗೆ ತುರುಕಿ ಕೈ ತೊಳೆದುಕೊಂಡರೆ, ಇವನು ಅದಕ್ಕೊಂದು ಬಾಲ ಎಳೆದು, ಸಾಲಿನುದ್ದಕ್ಕೂ ಓಡಿಸಿ, ತುದಿಯಲ್ಲಿ ಮಲಗಿದ ಬೆಕ್ಕಿನ ಬಾಲದಂತೆ ಸುರುಳಿ ಸುತ್ತಿ ಬಿಡುತ್ತಿದ್ದ. ಆಸ್ಪತ್ರೆಯ ಗೇಟಿಗೆ ಅವನು ಬರೆದ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಬೋರ್ಡಿನಲ್ಲಿ ಎರಡು ಲ ಒತ್ತುಗಳ ಬಾಲ ಎಷ್ಟು ಚೆನ್ನಾಗಿತ್ತೆಂದರೆ, ಜನ ಅದನ್ನು ನೋಡಲೆಂದೇ ಅಲ್ಲಿ ವಾಹನ ನಿಲ್ಲಿಸುತ್ತಿದ್ದರು.

ಇಂಥ ಮಹಾಪುರುಷನಿಗೆ ಅಕ್ಷರ ತಿದ್ದಿಸಿದವಳು ಅವನ ಅಕ್ಕ. ಅವನಿಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಬೇಗ ಹೋದ ಮೇಲೆ ಅಡುಗೆಯ ಜತೆಗೆ ಅಮ್ಮನ ಗದರಿಕೆಯನ್ನೂ ವಹಿಸಿಕೊಂಡಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಸಾಲಿನಲ್ಲಿ ಅವಳ ಮೆಷಿನ್ನು ಮೂರನೆಯದು. ಸಂಜೆ ಮನೆಗೆ ಬಂದವಳು ಒಂದು ತುಂಡು ಕಪ್ಪು ಬಟ್ಟೆಯನ್ನು ನೆಲದ ಮೇಲೆ ಹಾಸಿ, ಗುರುತು ಹಾಕುವ ಟೈಲರ್ ಸೀಮೆಸುಣ್ಣವನ್ನು ತಮ್ಮನ ಕೈಗೆ ಕೊಡುತ್ತಿದ್ದಳು.

“ಬರಿ. ಹೆದರಬೇಡ. ತಪ್ಪಾದ್ರೆ ಕೊಡವಿದ್ರಾಯ್ತು.”

ತಪ್ಪು ಎಂದರೆ ಕೊಡವಿದರೆ ಹೋಗುವಂಥದ್ದು ಎಂಬ ನಂಬಿಕೆ ಹೀಗೆ ಅವನಿಗೆ ಬಾಲ್ಯದಲ್ಲೇ ಅಂಟಿಕೊಂಡಿತು.

ಅವನ ಕೀರ್ತಿ ಬೆಟ್ಟ ಹತ್ತಿದ್ದು ಮೂವತ್ತೈದನೆಯ ವಯಸ್ಸಿನಲ್ಲಿ. ಕೀರ್ತಿ ಮಾತ್ರ ಹತ್ತಿತು, ಅವನು ಹತ್ತಲಿಲ್ಲ. ಊರಿಂದ ನಾಲ್ಕು ಗಂಟೆಯ ದಾರಿಯಲ್ಲಿ ಒಂದು ಬೆಟ್ಟದೂರು. ಹಿಂದೆ ಯಾವುದೋ ಕಾಲದಲ್ಲಿ ಕೆಳಗಿನ ಸೆಕೆ ತಡೆಯಲಾರದ ದೊರೆಗಳು ಅಲ್ಲಿಗೆ ಓಡಿಹೋಗಿ ಕಲ್ಲಿನ ಬಂಗಲೆ, ಕಲ್ಲಿನ ಗಡಿಯಾರದ ಗೋಪುರ, ಬೇಸಿಗೆಯಲ್ಲೂ ಬೆಂಕಿ ಕಾಯಿಸಲು ಒಲೆಗೂಡು ಎಲ್ಲ ಕಟ್ಟಿಸಿಕೊಂಡಿದ್ದರು. ದೊರೆಗಳು ಹೋದರು, ಪ್ರವಾಸಿಗಳು ಬಂದರು. ಪ್ರವಾಸಿಗಳಿಗೆ ದಾರಿ ತೋರಿಸಲು ಹನ್ನೆರಡು ಬೋರ್ಡು ಬೇಕೆಂದು ಅಲ್ಲಿನ ಕಚೇರಿಯವರು ಇವನಿಗೆ ಆರ್ಡರ್ ಕೊಟ್ಟರು. “ಒಮ್ಮೆ ಮೇಲೆ ಬಂದು ಜಾಗ ನೋಡಿ ಹೋಗಿ” ಎಂದೂ ಹೇಳಿದರು. ಆದರೆ ದಾರಿಯಲ್ಲಿ ಹದಿನೆಂಟು ತಿರುವುಗಳಿದ್ದವು. ನಮ್ಮ ವೀರನ ಹೊಟ್ಟೆ ಮೂರನೆಯ ತಿರುವಿಗೇ ಶಸ್ತ್ರ ಕೆಳಗಿಡುವಂಥದ್ದು. “ನೋಡೋದೇನಿದೆ ಸಾರ್, ಚೀಟಿ ಕಳಿಸಿ ಸಾಕು” ಎಂದುಬಿಟ್ಟ.

ಚೀಟಿ ಬಂತು. ಏಳನೆಯ ಬೋರ್ಡಿಗೆ ಹೀಗೆ ಬರೆದಿತ್ತು: ಸೂರ್ಯಾಸ್ತ ನೋಡುವ ಜಾಗ, ಬಾಣ ಎಡಕ್ಕೆ.

ಸೂರ್ಯಾಸ್ತ! ಒಂದೇ ಪದದಲ್ಲಿ ಒಂದು ಅರ್ಕಾವೊತ್ತು, ಒಂದು ತ ಒತ್ತು. ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಬೋರ್ಡಿನ ಎಡ ಅಂಚಿನಿಂದಲೇ ಶುರುಮಾಡಿ, ಹಳದಿಯ ಮೇಲೆ ಕಪ್ಪಿನಲ್ಲಿ ಒಂದೊಂದು ಅಕ್ಷರವನ್ನೂ ಗುಂಡಗುಂಡಗೆ ಕೂರಿಸಿದ. ತ ಒತ್ತಿಗೆ ಎಳೆದ ಬಾಲ ಅವನ ಜೀವಮಾನದಲ್ಲೇ ಉದ್ದನೆಯದು. ಎಲ್ಲ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿದಾಗ ನೆನಪಾಯಿತು: ಬಾಣ.

ಎಡಗಡೆ ಜಾಗವಿರಲಿಲ್ಲ. ಬಲಗಡೆ ಒಂದು ಗೇಣು ಉಳಿದಿತ್ತು. ಅಲ್ಲಿ ಸೀಮೆಸುಣ್ಣದಿಂದ ಎಡಕ್ಕೆ ಮುಖ ಮಾಡಿದ ಬಾಣವನ್ನು ಗೀಚಿ ನೋಡಿದ. ಬಾಣದ ಮೊನೆ ನೇರ ಜಾಗದ ‘ಗ’ ಅಕ್ಷರದ ಹೊಟ್ಟೆಗೆ ತಿವಿಯುತ್ತಿತ್ತು. ತಾನೇ ಹಡೆದ ಅಕ್ಷರಕ್ಕೆ ತಾನೇ ಬಾಣ ಹೊಡೆಯುವುದೇ? ಛೆ. ಬಾಣವನ್ನು ಬಲಕ್ಕೆ ತಿರುಗಿಸಿದ. ತಕ್ಷಣ ಬೋರ್ಡಿಗೆ ಜೀವ ಬಂತು. ಅಕ್ಷರಗಳೆಲ್ಲ ಬಾಣದ ಹಿಂದೆ ಮೆರವಣಿಗೆ ಹೊರಟಂತಾಯಿತು. ‘ಬೆಟ್ಟದ ಮೇಲೆ ಯಾವ ಕಡೆ ಹೋದರೂ ಆಕಾಶ ಇದ್ದೇ ಇರುತ್ತಲ್ಲ’ ಎಂದುಕೊಂಡು ಕೆಂಪು ಬಳಿದ. ಆ ಬಾಣವನ್ನು ಅವನು ಮಧ್ಯಾಹ್ನದ ಊಟದ ಹೊತ್ತಿಗೇ ಮರೆತ.

ಬೋರ್ಡುಗಳು ನೆಲೆಯೂರಿದ ಆರನೆಯ ತಿಂಗಳಲ್ಲಿ ಕಾರ್ಖಾನೆಯ ಹದಿನಾಲ್ಕು ಹೆಂಗಸರು ಒಂದು ವ್ಯಾನು ಮಾಡಿಕೊಂಡು ಆ ಬೆಟ್ಟಕ್ಕೆ ಹೋದರು. ಅಕ್ಕನೂ ಹೋದಳು. ಅವಳ ಜೀವನದಲ್ಲಿ ಪ್ರವಾಸ ಅಂತ ಹೋಗಿದ್ದು ಅದೊಂದೇ. ಕಾರ್ಖಾನೆಗೆ ಕಿಟಕಿಗಳಿದ್ದವು, ಆದರೆ ಎಲ್ಲವೂ ಮೇಲೆ, ಸೂರಿನ ಹತ್ತಿರ. ಬೆಳಕು ಹೋಗಿದ್ದು ಟ್ಯೂಬ್‌ಲೈಟ್ ಹಾಕಿದಾಗಲೇ ಗೊತ್ತಾಗುತ್ತಿತ್ತು. “ಒಂದ್ಸಲ ಕೂತ್ಕೊಂಡು ಸೂರ್ಯ ಮುಳುಗೋದನ್ನ ಪೂರ್ತಿ ನೋಡ್ಬೇಕು ಕಣೋ. ಶುರುವಿಂದ ಕೊನೇತನಕ” ಎಂದು ಹೇಳಿ ಹೋದಳು.

ಮರುದಿನ ಬಂದವಳನ್ನು ತಮ್ಮ ಕೇಳಿದ: “ಹೇಗಿತ್ತಕ್ಕಾ?”

“ಸೂರ್ಯ ಸಿಗಲಿಲ್ಲ.”

“ಸಿಗಲಿಲ್ಲ ಅಂದ್ರೆ? ಅವನೇನು ಸಿಟಿ ಬಸ್ಸಾ, ತಪ್ಪಿಹೋಗೋಕೆ?”

“ಕತ್ತಲಾಗೋವರೆಗೂ ಕೂತಿದ್ವಿ. ಬರಲಿಲ್ಲ” ಎಂದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಪೇಂಟರನಿಗೆ ಇದಕ್ಕಿಂತ ಒಳ್ಳೆಯ ಜೋಕು ಜೀವನದಲ್ಲಿ ಇನ್ನೊಂದು ಸಿಗಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಪಾಲಿಶ್ ಮಾಡಿ ಮಾಡಿ ಬಳಸಿದ. ನೆಂಟರು ಬಂದರೆ, “ನಮ್ಮಕ್ಕನ ಮುಖ ನೋಡಿ ಸೂರ್ಯನೇ ಆವತ್ತು ರಜೆ ಹಾಕಿದ್ದ” ಎನ್ನುತ್ತಿದ್ದ. ಕರೆಂಟು ಹೋದರೆ, “ಅಕ್ಕ, ನೀನೇನಾದ್ರೂ ಬಲ್ಬ್ ಕಡೆ ನೋಡಿದ್ಯಾ?” ಅವಳ ಮಗಳ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು, ಸೆರಗಿನಿಂದ ಬಾಯಿ ಒರೆಸಿಕೊಂಡು ನೀರು ತರಲು ಎದ್ದು ಹೋದಳು.

ಈಚೆಗೆ ಸಕ್ಕರೆ ಕಾಯಿಲೆ ಅಕ್ಕನ ಕಣ್ಣಿಗೆ ಇಳಿಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಮನುಷ್ಯರು ನೆರಳಾಗಿ, ದೀಪ ಮಾತ್ರ ದೀಪವಾಗಿ ಕಾಣುತ್ತಿತ್ತು. ಅದೂ ವರ್ಷದೊಳಗೆ ಹೋಗುತ್ತದೆಂದು ಕಣ್ಣಿನ ಡಾಕ್ಟರು ಹೇಳಿದ ದಿನ, ಮನೆಗೆ ಬಂದು ಕಾಫಿ ಕುಡಿಯುತ್ತ ಅಕ್ಕ ಕೇಳಿದಳು:

“ಕೆಂಪು ದೀಪ ಇನ್ನೂ ಕಾಣ್ತಿದೆ ನಂಗೆ. ಸೂರ್ಯ ಮುಳುಗೋವಾಗ ಕೆಂಪಗೇ ಇರ್ತಾನೆ ತಾನೇ?”

ಅಕ್ಕನ ಮಗಳು ಅಮ್ಮನ ಮುಖ ನೋಡಿದಳು. ಇಂಜೆಕ್ಷನ್ನಿಗೆ ಮತ್ತೆ ಆಸ್ಪತ್ರೆಗೆ ಹೋಗಬೇಕಿದ್ದದ್ದು ಸೋಮವಾರ. “ಶನಿವಾರ ಹೋಗಿ ಭಾನುವಾರ ಬೆಳಿಗ್ಗೆ ಬಂದುಬಿಡೋಣಮ್ಮ. ಮಾವ, ನೀವೂ ಬರ್ತೀರ” ಎಂದಳು.

“ಹದಿನೆಂಟು ತಿರುವು ಕಣೇ.”

“ಕವರ್ ತಂದಿರ್ತೀನಿ.”

ಹೀಗೆ ಅಕ್ಕನ ಮಗಳು ಓಡಿಸುವ ಕಾರಿನಲ್ಲಿ ಮಹಾಯಾತ್ರೆ ಹೊರಟಿತು. ಪೇಂಟರ್ ತನ್ನ ಚೀಲದಲ್ಲಿ ಟವೆಲ್ಲು ಮರೆತರೂ ನಾಲ್ಕನೇ ನಂಬರಿನ ಬ್ರಷ್ಷು, ಹಳದಿ, ಕಪ್ಪು, ಕೆಂಪಿನ ಮೂರು ಪುಟ್ಟ ಡಬ್ಬಿ ಮರೆಯಲಿಲ್ಲ. ತನ್ನ ಕೃತಿಗಳು ಮೇಲೆ ಬಿಸಿಲು ಮಳೆಗೆ ಮಾಸಿರಬಹುದು. ಕಂಡಲ್ಲಿ ಬಾಲಗಳಿಗೊಂದು ಮರುಜನ್ಮ ಕೊಡುವ ಇರಾದೆ. ಮೂರನೆಯ ತಿರುವಿಗೆ ಮೊದಲನೆಯ ಕವರ್, ಹನ್ನೊಂದಕ್ಕೆ ಎರಡನೆಯದು. ಹದಿನಾಲ್ಕನೆಯದರಲ್ಲಿ ಹೊಟ್ಟೆಯಲ್ಲಿ ಯುದ್ಧಕ್ಕೆ ಏನೂ ಉಳಿಯದೆ ಶಾಂತಿ ನೆಲಸಿತು. ಹಿಂದಿನ ಸೀಟಿನಿಂದ ಅಕ್ಕನ ಕೈ ಬಂದು ಅವನ ಬೆನ್ನು ನೀವುತ್ತಿತ್ತು.

ಮೇಲೆ ತಲುಪಿದಾಗ ಐದೂಕಾಲು. ಸೂರ್ಯ ಮುಳುಗುವುದು ಆರಕ್ಕೆ ಐದು ನಿಮಿಷವಿರುವಾಗ ಎಂದು ಅಕ್ಕನ ಮಗಳು ಫೋನಿನಲ್ಲಿ ನೋಡಿಟ್ಟಿದ್ದಳು. ಗಡಿಯಾರದ ಗೋಪುರ ದಾಟಿ, ಕಲ್ಲಿನ ಬಂಗಲೆಗಳ ಸಾಲು ಮುಗಿದಲ್ಲಿ ದಾರಿ ಎರಡಾಗಿ ಒಡೆಯಿತು. ನಡುವೆ ಒಂದು ಕಂಬ, ಕಂಬದ ಮೇಲೆ ಏಳನೆಯ ಬೋರ್ಡು.

“ನಿಲ್ಸು, ನಿಲ್ಸು!” ಪೇಂಟರ್ ಕಿಟಕಿಯಿಂದ ಅರ್ಧ ಹೊರಬಂದಿದ್ದ. “ನಂದು! ನೋಡೇ, ಆ ಬಾಲ ನೋಡು! ಇಪ್ಪತ್ತೆರಡು ವರ್ಷ ಆಯ್ತು, ಒಂದು ಕೂದಲು ಉದುರಿಲ್ಲ!”

“ಚೆನ್ನಾಗಿದೆ ಮಾವ. ಆದ್ರೆ ಫೋನು ಎಡಕ್ಕೆ ಹೋಗು ಅಂತಿದೆ.”

“ಬೋರ್ಡು ಏನಂತಿದೆ?”

“ಬಲಕ್ಕೆ.”

“ಮತ್ತೆ? ಫೋನ್ ನಂಬ್ತೀಯೋ, ಮಾವನ್ನ ನಂಬ್ತೀಯೋ?”

ಹಿಂದಿನ ಸೀಟಿನಲ್ಲಿ ಅಕ್ಕ ಮೆಲ್ಲಗೆ, “ಎಡಕ್ಕೇ ಹೋಗೋಣ ಕಣೋ” ಎಂದಳು.

ಕಲಾವಿದನ ತಲೆಗೆ ಆಗ ಏರಿದ್ದು ಬೆಟ್ಟದ ಗಾಳಿಯೋ, ಹಳೆಯ ಜೋಕಿನ ಅಭ್ಯಾಸಬಲವೋ. “ಅಕ್ಕ, ನಿಂಗೇನು ಕಾಣುತ್ತೆ? ಬೋರ್ಡು ಓದಕ್ಕೆ ಬರೋರು ಮುಂದೆ ಕೂತಿದೀವಿ, ನೀನು ಸುಮ್ನೆ ಕೂತ್ಕೋ” ಎಂದ.

ಅಕ್ಕ ಸುಮ್ಮನೆ ಕೂತಳು. ಕಾರು ಬಲಕ್ಕೆ ತಿರುಗಿತು.

ಎರಡು ಕಿಲೋಮೀಟರಿನ ಕೊನೆಗೆ ಕಬ್ಬಿಣದ ಕಂಬಿ ಹಾಕಿದ ಒಂದು ಕಟ್ಟೆ, ಪಕ್ಕದಲ್ಲಿ ತಗಡಿನ ಟೀ ಅಂಗಡಿ. ಎದುರಿಗೆ ಆಕಾಶವೇನೋ ಬೇಕಾದಷ್ಟಿತ್ತು. ಬೂದುಬಣ್ಣದ ಆಕಾಶ, ಕೆಳಗೆ ಕಣಿವೆ. ಬೆಳಕು ಮಾತ್ರ ಬೆನ್ನ ಹಿಂದೆ, ದೊಡ್ಡ ಗುಡ್ಡದ ಆಚೆ ಎಲ್ಲೋ ಇತ್ತು. ಅಕ್ಕನನ್ನು ಕೈಹಿಡಿದು ಇಳಿಸಿ ಕಟ್ಟೆಯ ಮೇಲೆ ಕೂರಿಸಿದರು. ಟೀ ಅಂಗಡಿಯವನು ಯಾರೂ ಕೇಳದೆಯೇ ಮೂರು ಲೋಟ ತಂದಿಟ್ಟ.

“ಕುಡೀರಿ, ಕುಡೀರಿ. ಸೂರ್ಯಾಸ್ತಕ್ಕೆ ಬಂದ್ರಾ?”

“ಹೂಂ. ಯಾವ ಕಡೆ ಕಾಣುತ್ತೆ?”

“ಇಲ್ಲಿ ಕಾಣಲ್ಲ ಸಾರ್. ಇದು ಸೂರ್ಯ ಹುಟ್ಟೋ ಜಾಗ. ಬೆಳಿಗ್ಗೆ ಬಂದ್ರೆ ಒಂದು ನಾಯೀನೂ ಇರಲ್ಲ, ಸಾಯಂಕಾಲ ಆದ್ರೆ ತುಂಬಿಹೋಗುತ್ತೆ. ಎಲ್ಲಾ ಆ ಬೋರ್ಡಿನ ದಯೆ!” ಅವನು ಕೈ ಎತ್ತಿ ಬೋರ್ಡಿನ ದಿಕ್ಕಿಗೆ ಮುಗಿದ. “ಬಾಣ ಉಲ್ಟಾ ಹಾಕಿದಾನೆ ಪುಣ್ಯಾತ್ಮ. ಆಫೀಸಿಗೆ ಎಲ್ರೂ ಹೇಳಿದ್ರು. ಒಂದು ಬೋರ್ಡ್ ಕೀಳಕ್ಕೆ ಮೂರು ಸಾಹೇಬ್ರ ಸಹಿ ಬೇಕಂತೆ, ಮೂರು ಜನ ಒಟ್ಟಿಗೆ ಇದ್ದಿದ್ದೇ ಇಲ್ಲ. ಬರೆದೋನು ಸಿಕ್ಕಿದ್ರೆ ಜೀವನಪೂರ್ತಿ ಅವನಿಗೆ ಟೀ ಬಿಟ್ಟಿ!”

ಪೇಂಟರನ ಲೋಟ ತುಟಿಯ ಹತ್ತಿರವೇ ನಿಂತಿತು. ಒಂದು ಗೇಣು ಜಾಗ, ಸೀಮೆಸುಣ್ಣದ ಗೀಚು, ‘ಗ’ ಅಕ್ಷರದ ಹೊಟ್ಟೆ, ಎಲ್ಲ ನಿನ್ನೆ ಮಾಡಿದಂತೆ ಕಣ್ಣಮುಂದೆ ಬಂತು.

“ಮೊದಮೊದ್ಲು ನಾನೇ ಜನಕ್ಕೆ ಹೇಳ್ತಿದ್ದೆ, ವಾಪಸ್ ಹೋಗಿ ಅಂತ” ಟೀಯವನು ಕಥೆಗೆ ಕೂತ. “ಒಂದ್ಸಲ ಒಂದು ವ್ಯಾನ್ ತುಂಬ ಹೆಂಗಸರು ಬಂದಿದ್ರು. ಆ ಕಡೆ ಹೋಗ್ರಮ್ಮ, ಇನ್ನೂ ಟೈಮಿದೆ ಅಂದೆ. ಎಲ್ರೂ ಎದ್ರು. ಒಬ್ಬಮ್ಮ ಮಾತ್ರ ಏಳಲ್ಲ! ನನ್ನ ಮೇಲೇ ಬಿದ್ರು. ‘ಆ ಬೋರ್ಡ್ ಬರೆದಿರೋದು ನನ್ನ ತಮ್ಮ, ಆ ಬಾಲ ನೋಡಿದ್ರೆ ಗೊತ್ತಾಗಲ್ವಾ, ಅವನು ತಪ್ಪು ಬರೆಯಲ್ಲ, ನಿನ್ನ ಟೀ ಅಂಗಡಿಗಿಂತ ನನ್ನ ತಮ್ಮನ ಅಕ್ಷರ ನಂಗೆ ಹೆಚ್ಚು’ ಅಂತ. ಹದಿಮೂರು ಜನಾನೂ ಹಿಡಿದು ಕೂರಿಸಿದ್ರು. ಕತ್ತಲಾಯ್ತು. ಆಮೇಲೆ ಆ ಹೆಂಗಸರು ಅವರನ್ನ ಬೈದಿದ್ದು... ಅಬ್ಬಬ್ಬಾ.”

“ಬೈದಿದ್ದು ಅಲ್ಲಿಗೇ ಮುಗೀಲಿಲ್ಲಪ್ಪ” ಎಂದಳು ಅಕ್ಕ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. “ರಿಟೈರ್ ಆಗೋವರೆಗೂ ಬೈದ್ರು. ನಿನ್ನ ಟೀ ಆವತ್ತೂ ಹೀಗೇ ನೀರಾಗಿತ್ತು.”

ಟೀಯವನು ಒಮ್ಮೆ ಅವಳನ್ನು, ಒಮ್ಮೆ ಪೇಂಟರನನ್ನು ನೋಡಿದ.

“ಅಕ್ಕ” ಎಂದ ಪೇಂಟರ್. ಲೋಟವನ್ನು ಕಟ್ಟೆಯ ಮೇಲಿಟ್ಟ. “ಯಾಕೆ ಹೇಳಲಿಲ್ಲ ನಂಗೆ?”

“ಆಗ ತಾನೇ ನಾಲ್ಕು ಜನ ನಿನ್ನ ಆರ್ಟಿಸ್ಟ್ ಅನ್ನೋಕೆ ಶುರು ಮಾಡಿದ್ರು. ಹೇಳಿದ್ರೆ ಬ್ರಷ್ ಎತ್ತಿಡ್ತಿದ್ದೆ ನೀನು. ಗೊತ್ತಿಲ್ವಾ ನಂಗೆ?”

“ಆಮೇಲೆ ಹೇಳಬಹುದಿತ್ತು.”

“ಆಮೇಲೆ ನೀನು ಅಷ್ಟು ನಗ್ತಿದ್ದೆ. ನಡುವೆ ಎಲ್ಲಿ ಹೇಳಲಿ?”

ಅಕ್ಕನ ಮಗಳು ಗಡಿಯಾರ ನೋಡಿ ಎದ್ದಳು. “ಮಾವ, ಹನ್ನೆರಡು ನಿಮಿಷ ಇದೆ. ಏಳಿ!”

ಪೇಂಟರ್ ಅಕ್ಕನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಕಾರಿಗೆ ಹಾಕಿದ. ಕವಲಿನವರೆಗೆ ಎರಡು ಕಿಲೋಮೀಟರು, ಅಲ್ಲಿಂದ ಎಡಕ್ಕೆ ಇನ್ನೂ ಮೂರು. ದಾರಿಯಲ್ಲಿ ಒಂದು ಪ್ರವಾಸಿ ಬಸ್ಸು ಅಡ್ಡ ತಿರುಗಿಸಿಕೊಳ್ಳುತ್ತಿತ್ತು. ಅವನು ಇಳಿದು, ಎರಡೂ ಕೈ ಬೀಸಿ, ಚಾಲಕನಿಗೆ ಬೈದು, ಮುಗಿದು, ಮತ್ತೆ ಬೈದು ದಾರಿ ಬಿಡಿಸಿದ. ತಿರುವುಗಳಲ್ಲಿ ಹೊಟ್ಟೆ ತೊಳಸಿದ್ದು ಅವನ ಗಮನಕ್ಕೇ ಬರಲಿಲ್ಲ.

ಅವರು ತಲುಪಿದಾಗ ಜನ ಎದುರಿಗೆ ವಾಪಸ್ ಬರುತ್ತಿದ್ದರು. “ಮುಗೀತು ಸಾರ್. ಇವತ್ತು ಮೊಟ್ಟೆಯ ಹಳದಿ ಥರ ಇತ್ತು. ನಾಳೆ ಬನ್ನಿ” ಎಂದ ಒಬ್ಬ ಉತ್ಸಾಹದಿಂದ.

ಪಶ್ಚಿಮದ ಅಂಚಿನಲ್ಲಿ ತೆಳ್ಳಗೆ ಒಂದು ಕಂದುಗೆಂಪಿನ ಗೆರೆ ಉಳಿದಿತ್ತು. ಪೇಂಟರ್ ಅಕ್ಕನ ಎರಡೂ ಭುಜ ಹಿಡಿದು, ಅವಳ ಮುಖವನ್ನು ಆ ಗೆರೆಗೆ ನೇರ ಮಾಡಿ ನಿಲ್ಲಿಸಿದ. ಅವಳು ಕಣ್ಣು ಕಿರಿದು ಮಾಡಿದಳು, ಅಗಲಿಸಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಇದೆಯೇನೋ?”

“ಸ್ವಲ್ಪ ಇದೆ.”

“ನಂಗೇನೂ ಕಾಣ್ತಿಲ್ಲ.”

ಅವಳ ಕೈ ಅವನ ತೋಳಿನ ಮೇಲಿತ್ತು.

“ತಪ್ಪಾಯ್ತಕ್ಕ” ಎಂದ.

“ಚಳಿ ಆಗ್ತಿದೆ, ನಡಿ.”

ಹಿಂತಿರುಗುವಾಗ ಕವಲಿನಲ್ಲಿ ಕಾರು ನಿಲ್ಲಿಸಲು ಹೇಳಿದ. ಬೋರ್ಡಿನ ಅಕ್ಷರ ಕಾಣುವಷ್ಟು ಬೆಳಕು ಆಕಾಶದಲ್ಲಿ ಇನ್ನೂ ಉಳಿದಿತ್ತು. ಚೀಲದಿಂದ ಡಬ್ಬಿಗಳನ್ನು, ಬ್ರಷ್ಷನ್ನು ತೆಗೆದ. ಮೂರು ಸಾಹೇಬರ ಸಹಿಯಿಲ್ಲದೆ ಕಂಬದ ಬುಡದ ಕಲ್ಲಿನ ಮೇಲೆ ಹತ್ತಿದ. ಅಕ್ಕ ಇಳಿದು ಬಂದು, ತಡವಿ, ಅವನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಾಲ ಮುಟ್ಟಬೇಡ” ಎಂದಳು. “ಬಾಣ ಮಾತ್ರ.”

ಹಳೆಯ ಮೊನೆಯ ಮೇಲೆ ಹಳದಿ ಬಳಿದ. ಅದು ಪೂರ್ತಿ ಮುಚ್ಚಲಿಲ್ಲ. ಒಳಗಿಂದ ಕೆಂಪು ಇಣುಕುತ್ತಲೇ ಇತ್ತು. ಬಾಣದ ಎಡತುದಿಗೆ ಹೊಸ ಮೊನೆ ಬರೆದ. ಜಾಗ ಸಾಲದೆ ಅದು ‘ಗ’ ಅಕ್ಷರದ ಒಳಗೇ ನುಗ್ಗಿತು.

“ಹೇಗೆ ಬಂತು?” ಕೆಳಗಿಂದ ಅಕ್ಕ ಕೇಳಿದಳು.

ಅವನು ಎಂದಿನಂತೆ ಹಿಂದೆ ಸರಿದು ನೋಡಲು ಹೊರಟ. ಹಿಂದೆ ಸರಿಯಲು ಕಲ್ಲಿನ ಮೇಲೆ ಜಾಗವಿರಲಿಲ್ಲ.

“ಚೆನ್ನಾಗಿಲ್ಲ. ಹೊಟ್ಟೆಗೆ ತಿವೀತಿದೆ.”

“ತಿವೀಲಿ ಬಿಡು. ಇಳಿ, ಜಾರೀಯ” ಎಂದಳು ಅಕ್ಕ, ಅವನ ಕಾಲು ಬಿಡದೆ.