ಕೆನ್ನೆಯೊಳಗಿನ ನಾಲ್ಕು ಕಾಳು

ಪ್ರಯೋಗಾಲಯದಲ್ಲಿ ನಾವು ಆಕೆಗಿಟ್ಟ ಹೆಸರು ಚೂರಿಯಕ್ಕ. ಇರುವೆ ಕಂಡರೂ ದಾಟಿ ನಡೆಯುವ ಹೆಂಗಸು. ಕೆಲಸ ಮಾತ್ರ ಕಟುಕನದು. ಎಳೆಯ ಗೋಧಿಕಾಳನ್ನು ಸೀಳಿ, ಸಾಸಿವೆಗಿಂತ ಚಿಕ್ಕ ಭ್ರೂಣವನ್ನು ಎತ್ತಿ, ಬ್ಲೇಡಿನಿಂದ ಗೀರಿ, ಬ್ಯಾಕ್ಟೀರಿಯಾ ತುಂಬಿದ ನೀರಿನಲ್ಲಿ ಅದ್ದುವಳು. ಮಣ್ಣಿನ ಆ ಬ್ಯಾಕ್ಟೀರಿಯಾಕ್ಕೆ ಗಾಯವೇ ಬಾಗಿಲು. ಅಲ್ಲಿಂದ ನುಗ್ಗಿ ತನ್ನ ಜೀನನ್ನು ಗಿಡದೊಳಗೆ ಸೇರಿಸುವುದು ಅದರ ಹುಟ್ಟುಗುಣ. ನಾವು ಅದರ ಮೇಲೆ ತುಕ್ಕುರೋಗ ತಡೆಯುವ ಜೀನನ್ನು ಹೇರಿ ಕಳಿಸುತ್ತಿದ್ದೆವು. ಆಮೇಲೆ ಔಷಧಿ ಹಾಕಿ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಜೀನು ಹಿಡಿಯದ ಭ್ರೂಣಗಳನ್ನೂ ಕೊಲ್ಲಬೇಕು. ಮೂರು ವರ್ಷದ ಈ ಮಾರಣಹೋಮದಲ್ಲಿ ಬದುಕಿದ್ದು ಒಂದೇ ಗಿಡ. ಅದರ ತೆನೆಯಲ್ಲಿ ಕಟ್ಟಿದ್ದು ನಾಲ್ಕೇ ಕಾಳು, ಅವೂ ಇನ್ನೂ ಹಾಲುಗಾಳು.

ಅಷ್ಟರಲ್ಲಿ ಅಲ್ಲಿ ವಿಷದ ಗೋಧಿ ಬೆಳೆಯುತ್ತಾರೆಂದು ಸುದ್ದಿ ಹಬ್ಬಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಗುಂಪುಕಟ್ಟಿ, ಆ ಗಿಡವಿದ್ದ ಗಾಜಿನ ಮನೆಗೆ ನುಗ್ಗಿದರು. ಕಬ್ಬಿಣದ ಸರಳು ಹಿಡಿದು ಮುಂದೆ ಬಂದವನು ಚೂರಿಯಕ್ಕನ ಸ್ವಂತ ತಮ್ಮ, ಲಾರಿ ಡ್ರೈವರ್. ಗಾಜು ತಲೆಯ ಮೇಲೆ ಸುರಿಯಿತು. ಕಾವಲುಗಾರನ ಮೊಣಕಾಲು ಮುರಿದರು. ನನ್ನನ್ನು ಇಬ್ಬರು ಗೋಡೆಗೆ ಒತ್ತಿ ಹಿಡಿದಿದ್ದರು. ಬಾಯಿ ಬಿಡುವಾಗಿತ್ತು, ಅವರ ಏಳು ತಲೆಮಾರನ್ನೂ ಜಾಲಾಡಿದೆ.

ಕುಂಡ ಉರುಳುವ ಮೊದಲೇ ಚೂರಿಯಕ್ಕ ಕಾಳುಗಳನ್ನು ಕಿತ್ತು ಬಾಯಿಗೆ ಹಾಕಿ ಕೆನ್ನೆಗೆ ಒತ್ತಿಕೊಂಡಳು. ಎಳೆಕಾಳಾದರೇನು, ಭ್ರೂಣ ತೆಗೆದು ಸೀಸೆಯಲ್ಲಿ ಬೆಳೆಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅದನ್ನು ತಮ್ಮ ನೋಡಿಬಿಟ್ಟ. ಸರಳು ಎಸೆದು ಓಡಿಬಂದ.

“ಉಗಿಯಕ್ಕಾ! ವಿಷ ಅದು, ಸತ್ತೋಗ್ತೀಯ, ಉಗಿ!”

ಅವಳು ತುಟಿ ಬಿಗಿದು ಇಲ್ಲವೆಂದು ತಲೆಯಾಡಿಸಿದಳು. ಅವನು ಜಡೆ ಹಿಡಿದು ಕೆಡವಿದ, ಮೂಗು ಹಿಸುಕಿದ, ಬಾಯಿಗೆ ಬೆರಳು ತುರುಕಿದ. ಅವಳು ಮೂಳೆ ತಾಗುವಂತೆ ಕಚ್ಚಿದಳು. ಅವನು ಅಳುತ್ತಲೇ ದವಡೆಗೆ ಗುದ್ದಿದ, ಮತ್ತೆ ಗುದ್ದಿದ. ಹಲ್ಲು ಮುರಿದ ಸದ್ದು ನನಗೂ ಕೇಳಿಸಿತು. ಕೊನೆಗೆ ಅವಳು ಉಗಿದಳು: ರಕ್ತ, ಎರಡು ಹಲ್ಲು, ಜಜ್ಜಿಹೋದ ನಾಲ್ಕು ಸಿಪ್ಪೆ. ಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

“ನೀ ಬದುಕ್ಕೊಂಡೆ ಕಣಕ್ಕಾ,” ಎಂದು ಅವನು ಅವಳನ್ನು ತಬ್ಬಿಕೊಂಡ.

ಆಸ್ಪತ್ರೆಯಲ್ಲಿ ಅವಳ ದವಡೆಗೆ ತಂತಿ ಬಿಗಿದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ತಮ್ಮ ದಿನಾ ಬಂದು ಮಂಚದ ಪಕ್ಕ ಕೂರುತ್ತಿದ್ದ. ಅಕ್ಕನ ಜೀವ ಉಳಿಸಿದೆನೆಂದೇ ಅವನು ನಂಬಿದ್ದ. ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು.

ತಂತಿ ಬಿಚ್ಚಿದ ದಿನ ಅವನು ಮೆಲ್ಲಗೆ ಕೇಳಿದ, “ವಿಷ ಎಲ್ಲಾ ಇಳೀತೇನಕ್ಕಾ?”

“ವಿಷ ಇರ್ಲಿಲ್ಲ ಕಣೋ,” ಎಂದಳು ಅವಳು. “ನೀನು ಗುದ್ದಿದಾಗ ಹಲ್ಲಿಗೆ ಸಿಕ್ಕಿ ಒಡೀತಲ್ಲ, ಆಗ ರುಚಿ ಗೊತ್ತಾಯ್ತು. ಸಿಹಿಯಾಗಿತ್ತು.”