ಮೇಷ್ಟ್ರ ಜೇಬಿನಲ್ಲಿದ್ದ ನನ್ನ ಪ್ರಶ್ನೆ

ಮೇಷ್ಟ್ರ ಬಲಗಿವಿಯೊಳಗಿಂದ ಬಿಳಿ ಕೂದಲು ಹೊರಗೆ ಬಂದು, ಬಿರಿದ ಹತ್ತಿಕಾಯಿಯ ಹಾಗೆ ಕಾಣುತ್ತಿತ್ತು. ಎಡಗಿವಿ ಮಂದ. ಹಾಗಾಗಿ ಯಾರು ಮಾತಾಡಿದರೂ ತಲೆ ಓರೆ ಮಾಡಿ ಆ ಹತ್ತಿಕಿವಿಯನ್ನು ಮುಂದಕ್ಕೆ ಕೊಡುತ್ತಿದ್ದರು. ಆಗ ಅವರ ಕಣ್ಣು ನೆಲ ನೋಡುತ್ತಿರುತ್ತಿತ್ತು. ಹೊಸಬರು, ಇವರಿಗೆ ನಮ್ಮ ಮಾತು ಬೇಡವೇನೋ ಅಂದುಕೊಂಡು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಮೇಷ್ಟ್ರು ಮುಖ ತಿರುಗಿಸಿದರು ಅಂದರೆ ಪೂರ್ತಿ ಕೇಳುತ್ತಿದ್ದಾರೆ ಅಂತ ಊರಿನವರಿಗೆ ಮಾತ್ರ ಗೊತ್ತಿತ್ತು.

ಗಡಿಯಾಚೆ ಆಂಧ್ರಕ್ಕೆ ಸೇರಿದ ಗುಡಿಬಂಡೆ ಹತ್ತಿರದ ನಮ್ಮೂರ ಕನ್ನಡ ಶಾಲೆಗೆ ಅವರು ಬಂದಾಗ ನನಗೆ ಮದುವೆಯಾಗಿ ಮಕ್ಕಳಾಗಿದ್ದವು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಬೇರೆ ಊರಲ್ಲಿ. ಅವರು ನನ್ನ ಮಕ್ಕಳಿಗೆ ಕಲಿಸಿದರು. ರಿಟೈರಾದ ಮೇಲೆ ನನ್ನ ಮೊಮ್ಮಗಳನ್ನು ತಮ್ಮ ಜಗಲಿಯ ಮೇಲೆ ಕೂರಿಸಿಕೊಂಡು ದಿನಾ ಪೇಪರ್ ಓದಿಸಿದರು. ಆ ಮೊಮ್ಮಗಳು ಈಗ ಯೂನಿವರ್ಸಿಟಿಯ ದೊಡ್ಡ ಹಾಲಿನಲ್ಲಿ, ವೇದಿಕೆ ಮೇಲೆ ನಿಂತು, ಒಂದು ಗಂಟೆ ಹೊತ್ತು ಚೀಟಿ ನೋಡದೆ ಮಾತಾಡಿದಳು. ಈ ಸುದ್ದಿಯನ್ನು ನಾನು ಹಾಲಿನ ಡೈರಿಯಲ್ಲಿ ಹೇಳಿದೆ, ಮಡಕಶಿರದ ಆಟೋದಲ್ಲಿ ಹೇಳಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆಲ್ಲ ಹೇಳಿದೆ. ಕೇಳದವರಿಗೂ ಹೇಳಿದೆ. ಸಂತೋಷ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ. ಆದರೆ ಅದೇ ದಿನ, ಅದೇ ಸಭೆಯಲ್ಲಿ ಮೇಷ್ಟ್ರಿಗೆ ನನ್ನಿಂದ ಆದದ್ದನ್ನು ಯಾರಿಗೂ ಹೇಳಿರಲಿಲ್ಲ. ಅದನ್ನು ಬಿಟ್ಟು ಇದನ್ನಷ್ಟೇ ಹೇಳಿಕೊಂಡು ತಿರುಗಿದರೆ ಮನಸ್ಸಿಗೆ ಸರಿ ಬರುವುದಿಲ್ಲ.

ಯೂನಿವರ್ಸಿಟಿಯಲ್ಲಿ ಆಗಾಗ ಎಲ್ಲರೂ ಹೋಗಿ ಕೇಳಬಹುದಾದ ಭಾಷಣಗಳಿರುತ್ತವೆ. ದಿಲ್ಲಿಯಿಂದ, ಹೈದರಾಬಾದಿನಿಂದ ದೊಡ್ಡ ದೊಡ್ಡವರು ಬಂದು ದೇಶದ ನೀತಿ, ಚುನಾವಣೆ ಅಂತ ಮಾತಾಡುತ್ತಾರೆ. ಪೇಪರಿನ ಮೂಲೆಯಲ್ಲಿ ಅದರ ಸುದ್ದಿ ಕಂಡರೆ ಸಾಕು, ಮೇಷ್ಟ್ರು ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಮಡಕಶಿರದಲ್ಲಿ ಇನ್ನೊಂದು ಬಸ್ಸು. ಪೆನುಕೊಂಡ ದಾಟಿ ಮುಂದೆ ಇನ್ನೂ ದೂರ. ಚಪ್ಪಲಿಯೊಳಗೆ ಸಾಕ್ಸು ಹಾಕುತ್ತಿದ್ದದ್ದು ಅವತ್ತು ಮಾತ್ರ. ಅದನ್ನು ಕಂಡು ನಮ್ಮ ಯಜಮಾನರು, "ಏನ್ ಮೇಷ್ಟ್ರೇ, ಇವತ್ತು ಯೂನಿವರ್ಸಿಟೀಗೆ ಎಣ್ಣು ನೋಡಾಕೆ ಒಂಟ್ರಾ?" ಅಂತ ರೇಗಿಸುತ್ತಿದ್ದರು. "ಎಣ್ಣಲ್ಲ ಕಣಯ್ಯ, ದೇಶ ನೋಡೋಕೆ" ಅನ್ನುವರು ಮೇಷ್ಟ್ರು.

ಮಾರನೆಯ ದಿನ ನಮ್ಮ ರೇಷ್ಮೆಹುಳುವಿನ ಮನೆಗೆ ಬರುತ್ತಿದ್ದರು. ನಾವು ಐದಾರು ಹೆಂಗಸರು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಕೂತಿರುತ್ತಿದ್ದೆವು. ಬಾಗಿಲಲ್ಲಿ ನಿಂತು, "ಕೈಗೆ ಕೆಲ್ಸ ಐತೆ, ಕಿವಿ ಖಾಲಿ ಐತಲ್ಲ, ಅದಕ್ಕೆ ಬಂದೆ" ಅನ್ನುತ್ತಿದ್ದರು. ಮೂಲೆಯ ಮುಕ್ಕಾಲುಪೀಠದ ಮೇಲೆ ಕೂತು ಹಿಂದಿನ ದಿನದ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಹೇಳುವರು. ಎಲ್ಲ ಚುನಾವಣೆ ಒಂದೇ ಸಲ ಮಾಡಿದರೆ ಏನಾಗುತ್ತದೆ, ಹೆಂಗಸರಿಗೆ ಸೀಟು ಮೀಸಲಿಟ್ಟರೆ ಯಾರಿಗೆ ಹೊಟ್ಟೆಯುರಿ, ಹೀಗೆ. ಭಾಷಣ ಮಾಡಿದವರು ಕೆಮ್ಮಿದ್ದರೆ ಆ ಕೆಮ್ಮೂ ಇರುತ್ತಿತ್ತು. ಪಕ್ಕದ ಮನೆಯ ನನ್ನ ಓರಗಿತ್ತಿ ಬಾಯಿ ಜೋರು. "ಅಲ್ಲಾ ಮೇಷ್ಟ್ರೇ, ಅಷ್ಟೊಂದ್ ಮಾತಾಡಿದ್ರಲ್ಲ, ಗೂಡಿನ್ ರೇಟು ಬಿದ್ದೋಗಿದ್ದು ಅವ್ರಿಗೆ ಗೊತ್ತೈತಂತಾ?" ಅಂದಳು ಒಂದು ಸಲ. ಮೇಷ್ಟ್ರು ತಲೆ ಕೆರೆದುಕೊಂಡರು. "ಗೊತ್ತಿಲ್ಲ ಅನ್ಸುತ್ತಮ್ಮ. ಮುಂದಿನ್ ಸಲ ಯಾರಾದ್ರೂ ಬಂದ್ರೆ ಹೇಳ್ತೀನಿ." ಹೇಳಿಯೂ ಹೇಳಿದರು. ಬಂದವರು ಅದನ್ನು ಬರೆದುಕೊಂಡರಂತೆ.

ಮೊಮ್ಮಗಳು ಆಗ ಸಣ್ಣವಳು. ಕಪ್ಪಾದ ಗೂಡುಗಳನ್ನು ಬೇರೆ ತೆಗೆಯುವ ಕೆಲಸ ಕೊಟ್ಟು ಕೂರಿಸಿರುತ್ತಿದ್ದೆ. ಮೇಷ್ಟ್ರ ಮಾತು ಕೇಳುತ್ತಾ ಒಳ್ಳೆಯ ಗೂಡನ್ನೂ ಕೆಟ್ಟದ್ದರ ರಾಶಿಗೆ ಹಾಕಿಬಿಡುತ್ತಿದ್ದಳು. ಬೈದರೆ, "ಇರಜ್ಜಿ, ಈಗ್ಲೇ ಎಲೆಕ್ಷನ್ ಬತ್ತಾ ಐತೆ" ಅನ್ನುವಳು.

ಒಂದು ಚುನಾವಣೆಯಾಗಿ ಫಲಿತಾಂಶ ಬಂದ ಮರುದಿನ ಮೇಷ್ಟ್ರು ಬೇಗ ಬಂದರು. ಉಳಿದ ಹೆಂಗಸರು ಇನ್ನೂ ಬಂದಿರಲಿಲ್ಲ. ಹೊರಗೆ ಅಂಗಳದಲ್ಲಿ ಯಜಮಾನರು, "ನಮ್ಮನೆ ಐದ್ ವೋಟೂ ಒಂದೇ ಗುರ್ತಿಗೆ ಬಿದ್ದವೆ. ಅದಕ್ಕೇ ಗೆದ್ದಿದ್ದು" ಅಂತ ಯಾರ ಹತ್ತಿರವೋ ಹೇಳಿಕೊಳ್ಳುತ್ತಿದ್ದರು. ಆ ಮಾತು ಒಳಗೆ ಕೇಳಿಸುತ್ತಿತ್ತು. ನಾನು ಗೂಡಿನ ಮೇಲಿನ ಕಣ್ಣು ತೆಗೆಯದೆ ಕೇಳಿದೆ: "ಮೇಷ್ಟ್ರೇ, ಸೋತೋರಿಗೆ ಆಕಿದ್ ವೋಟು ಎಲ್ಲಿಗೋಗ್ತದೆ?"

ಅವರು ಕಿವಿ ಮುಂದೆ ಮಾಡಿಕೊಂಡು ಕೂತಿದ್ದರು. ಹೊರಗಿನ ಮಾತೂ ಕೇಳಿಸಿತ್ತು, ಒಳಗಿನದೂ ಕೇಳಿಸಿತು. ಬುದ್ಧಿವಂತರು, ನಾನು ಯಾಕೆ ಕೇಳಿದೆ ಅಂತ ಗೊತ್ತಾಯಿತು. ನಗಲಿಲ್ಲ. ಆಶ್ಚರ್ಯವನ್ನೂ ತೋರಿಸಲಿಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಬರೆದುಕೊಂಡರು.

"ಯಾರು ಕೇಳಿದ್ರು ಅಂತ ಬರೀಲಮ್ಮ?"

"ಯಾರೂ ಇಲ್ಲ ಅಂತ ಬರ್ಕಳಿ."

"ಅದಾಗಲ್ಲ" ಅಂದು, ಬರೆದದ್ದನ್ನು ಮೆಲ್ಲಗೆ ಓದಿದರು. "ಪ್ರಶ್ನೆ ಕೇಳಿದವರು, ಒಬ್ಬ ಮತದಾರಳು."

ನನ್ನನ್ನು ಅಮ್ಮ, ಅತ್ತೆ, ಅಜ್ಜಿ, ಇವರ ಹೆಂಡತಿ, ಅವರ ಸೊಸೆ ಅಂತ ಕರೆದವರುಂಟು. ಮತದಾರಳು ಅಂತ ಕರೆದವರು ಅವರೊಬ್ಬರೇ.

ಆಮೇಲೆ ಎಷ್ಟೋ ಸಲ ಆ ಚೀಟಿ ಯೂನಿವರ್ಸಿಟಿಗೆ ಹೋಗಿ ಬಂತು. ಭಾಷಣ ಮುಗಿದ ಮೇಲೆ ಪ್ರಶ್ನೆಗೆ ಇಡುವ ಹೊತ್ತು ಕಮ್ಮಿ, ಕೈ ಎತ್ತುವ ಹುಡುಗರು ಬಹಳ. "ಇವತ್ತೂ ಟೈಮ್ ಆಗೋಯ್ತಮ್ಮ" ಅಂತ ಮೇಷ್ಟ್ರು ನನಗೆ ಬಂದು ವರದಿ ಒಪ್ಪಿಸುವರು, ತಾವೇ ತಪ್ಪು ಮಾಡಿದ ಹಾಗೆ. ಒಂದು ಸಲ ಮಾತ್ರ ಕೇಳಲು ಸಿಕ್ಕಿತು. ಬೇರೆ ಕೆಲವು ದೇಶಗಳಲ್ಲಿ ಸೋತ ಪಕ್ಷಕ್ಕೂ ಬಿದ್ದ ವೋಟಿನ ಪ್ರಕಾರ ಸೀಟು ಕೊಡುತ್ತಾರೆ ಅಂತ ಭಾಷಣದವರು ಹೇಳಿದರಂತೆ. ಬಹಳ ಖುಷಿಯಿಂದ ಬಂದು ಹೇಳಿದರು.

"ಸರಿ. ನಮ್ಮೂರಲ್ಲಿ?" ಅಂದೆ.

ಮೇಷ್ಟ್ರು ಚೀಟಿಯನ್ನು ಬಿಡಿಸಿ ಇನ್ನೊಂದು ಸಲ ಓದಿದರು. ಆಮೇಲೆ, "ನಾನೂ ಅದನ್ನೇ ಕೇಳ್ಬೇಕಿತ್ತು. ಆ ಕ್ಷಣಕ್ಕೆ ತೋಚ್ಲಿಲ್ಲ. ಇನ್ನೊಂದ್ ಸಲ ಕೇಳ್ತೀನಿ ಬಿಡು" ಅಂದು ಚೀಟಿಯನ್ನು ಮತ್ತೆ ಜೇಬಿಗಿಟ್ಟುಕೊಂಡರು.

ಮೊಮ್ಮಗಳು ಬೆಳೆದಳು. ರಾಜಕೀಯಶಾಸ್ತ್ರ ತೆಗೆದುಕೊಂಡಳು. ಅದರಿಂದ ಏನು ಕೆಲಸ ಸಿಗುತ್ತದೆ ಅಂತ ಮನೆಯಲ್ಲಿ ಕೇಳಿದಾಗ ಮೇಷ್ಟ್ರೇ ಬಂದು ಯಜಮಾನರ ಎದುರು ಕೂತು ವಾದ ಮಾಡಿದರು. ಮೇಷ್ಟ್ರು ಹೋಗುತ್ತಿದ್ದ ಯೂನಿವರ್ಸಿಟಿಯಲ್ಲೇ ಎಂ.ಎ. ಆಯಿತು, ಆಮೇಲೆ ಅಲ್ಲೇ ಸಂಶೋಧನೆ. ಹಳ್ಳಿಯ ಹೆಂಗಸರು ಹೇಗೆ ವೋಟು ಹಾಕುತ್ತಾರೆ ಅನ್ನುವುದು ಅವಳ ವಿಷಯ. ಫಾರಂಗಳ ಕಟ್ಟು ಹಿಡಿದು ರೊಳ್ಳ, ರತ್ನಗಿರಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದಳು. ನಮ್ಮ ಮನೆಗೂ ಒಂದು ಫಾರಂ ತಂದಳು. ಅಂಗಳದಲ್ಲಿ ತಾತನನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿ ಬರೆದಳು. ತಾತ ಮನೆಯವರೆಲ್ಲರ ಪರವಾಗಿ ಉತ್ತರ ಹೇಳಿದರು. ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಎಲ್ಲ ಕೇಳಿಸಿತು. ಹಿಟ್ಟು ಗಂಟಾಗದ ಹಾಗೆ ನೋಡಿಕೊಂಡೆ, ಅಷ್ಟೇ.

ಅಲ್ಲಿ ಅವಳದೇ ಭಾಷಣ ನಿಗದಿಯಾಗುವ ಕೆಲವು ತಿಂಗಳ ಮುಂಚೆ ಮೇಷ್ಟ್ರಿಗೆ ಲಕ್ವ ಹೊಡೆದಿತ್ತು. ಬಲಗೈ ಬಿತ್ತು, ಮಾತು ಹೋಯಿತು. ಕೇಳುವುದು, ತಿಳಿಯುವುದು ಎಲ್ಲ ಮೊದಲಿನ ಹಾಗೇ ಇತ್ತು. ಬಾಯಿ ತೆಗೆದರೆ ಮಾತ್ರ "ಅ, ಅ" ಅಂತ ಬರುತ್ತಿತ್ತು. ಜೀವಮಾನವೆಲ್ಲ ಮಾತಿನಲ್ಲೇ ಬದುಕಿದ ಮನುಷ್ಯ ಹಾಗೆ ಕೂತಿರುವುದನ್ನು ನೋಡಲು ಆಗುತ್ತಿರಲಿಲ್ಲ. ನಾನು ಗಂಜಿ ತೆಗೆದುಕೊಂಡು ಹೋಗಿ ಏನೇನೋ ಹೇಳಿ ಬರುತ್ತಿದ್ದೆ. ಮೊಮ್ಮಗಳ ಭಾಷಣದ ಸುದ್ದಿ ಹೇಳಿದಾಗ ಎಡಗೈಯಿಂದ ಕಾಲು ತೋರಿಸಿದರು. ಅವರ ಸೊಸೆಗೆ ಅರ್ಥವಾಗಲಿಲ್ಲ. "ಸಾಕ್ಸು ಕಣಮ್ಮ" ಅಂದೆ.

ಮೊಮ್ಮಗಳು ಕಾರು ಕಳಿಸಿದ್ದಳು. ನಾವು ಮೂವರೂ ಮುಂದಿನ ಸಾಲಿನಲ್ಲಿ ಕೂತೆವು. ಒಂದು ಪಕ್ಕ ಯಜಮಾನರು, ಇನ್ನೊಂದು ಪಕ್ಕ ಮೇಷ್ಟ್ರು, ನಡುವೆ ನಾನು. ಗೋಡೆ ಅಗಲದ ಬಟ್ಟೆಯ ಮೇಲೆ ಅವಳ ಹೆಸರು ಬರೆದಿದ್ದರು. ಇಂಗ್ಲಿಷ್ ಬಿಟ್ಟು ತೆಲುಗಿನಲ್ಲಿ ಮಾತಾಡಿದಳು, ನನಗೂ ತಿಳಿಯಲಿ ಅಂತಲೇ. ಎಷ್ಟು ಚಂದ ಮಾತಾಡಿದಳು ಅಂದರೆ, ನನಗೆ ಕೂತ ಕುರ್ಚಿ ಮರೆತುಹೋಯಿತು. ಹಿಂದಿನ ಸಾಲಿಗೆ ತಿರುಗಿ "ನಮ್ಮ ಮೊಮ್ಮಗಳು" ಅಂದೆ. ಅವರು ಪಕ್ಕದವರಿಗೆ ಹೇಳಿದರು. ಆ ಕಡೆಯಿಂದ ಒಬ್ಬರು ನನಗೆ ಕೈಮುಗಿದರು. ನನ್ನ ಜೀವನದಲ್ಲಿ ಅಂಥ ಗಂಟೆ ಇನ್ನೊಂದಿಲ್ಲ.

ಕೊನೆಗೆ ಬರುತ್ತಾ ಅವಳು ಹೇಳಿದಳು. ಹಳ್ಳಿಯಲ್ಲಿ ಹೆಂಗಸಿನ ವೋಟು ಇನ್ನೂ ಮನೆ ಯಜಮಾನನ ಕೈಯಲ್ಲೇ ಇದೆ. ದೂರ ಹೋಗುವುದು ಬೇಡ, ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ನಮ್ಮಜ್ಜಿ ಇಲ್ಲೇ ಕೂತಿದ್ದಾರೆ. ತಾತ ಹೇಳಿದ ಗುರುತು ಬಿಟ್ಟು ಬೇರೆ ಗುರುತನ್ನು ಅವರು ಒಂದು ಸಲವೂ ಮುಟ್ಟಿಲ್ಲ.

ಸಭೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿ ಪ್ರೀತಿಯಿಂದಲೇ ನಕ್ಕರು. ಯಜಮಾನರು ಹೆಗಲ ಟವಲು ಸರಿಮಾಡಿಕೊಂಡರು. ನಾನೂ ನಕ್ಕೆ. ಮೇಷ್ಟ್ರ ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದದ್ದು ಮಾತ್ರ ಕಾಣಿಸಿತು.

ಪ್ರಶ್ನೆ ಇದ್ದವರು ಕೇಳಬಹುದು ಅಂದರು. ಮೇಷ್ಟ್ರ ಕೈ ಮೊದಲು ಎದ್ದಿತು. ಮೊಮ್ಮಗಳ ಮುಖವೆಲ್ಲ ಬೆಳಕಾಯಿತು, ಅವರಿಗೆ ಮಾತು ಹೋಗಿದೆ ಅನ್ನುವುದನ್ನೇ ಮರೆತಳೇನೋ. "ಅವರು ನನ್ನ ಗುರುಗಳು. ಅವರಿಗೆ ಮೈಕ್ ಕೊಡಿ" ಅಂದಳು. ಮೈಕ್ ಬಂತು. ಬಾಯಿ ತೆರೆದರು. "ಅ… ಅ…" ಅಷ್ಟು ವರ್ಷ ಟೈಮ್ ಇಲ್ಲ ಅಂದ ಜಾಗ ಅವತ್ತು ಅವರಿಗೋಸ್ಕರ ಕಾದು ಕೂತಿತು. ಕತ್ತಿನ ನರ ಉಬ್ಬಿ ಬಂತು, ಮಾತು ಬರಲಿಲ್ಲ. ಆಗ ಮೈಕನ್ನು ನನ್ನ ಮಡಿಲಿಗೆ ಹಾಕಿದರು. ಹಾಕಿ, ಕಿವಿ ತಿರುಗಿಸದೆ, ನೆಟ್ಟಗೆ ನನ್ನ ಮುಖವನ್ನೇ ನೋಡಿದರು.

ನಾನು ಮೈಕ್ ಎತ್ತಿದೆ. ನನ್ನ ಉಸಿರು ಸಭೆಗೆಲ್ಲ ಕೇಳಿಸಿತು. ಹೇಳಬೇಕಾದದ್ದು ಎರಡು ಮಾತು. ಅವಳು ಹೇಳಿದ್ದು ತಪ್ಪು ಅನ್ನುವುದೊಂದು, ಚೀಟಿಯಲ್ಲಿದ್ದದ್ದು ಇನ್ನೊಂದು. ಎದುರಿಗೆ ಮೊಮ್ಮಗಳು ಹೂವಿನ ಹಾಗೆ ನಿಂತಿದ್ದಳು. ಅವಳ ದೊಡ್ಡ ದಿನ. ಮೊಣಕೈ ಹತ್ತಿರ ಯಜಮಾನರು. "ಮಾತಾಡೇ, ಅವ್ರ ಪರವಾಗಿ ಎಲ್ರಿಗೂ ಒಂದ್ ಥ್ಯಾಂಕ್ಸ್ ಏಳು" ಅಂತ ತಿವಿದರು.

"ನಮ್ ಮೊಮ್ಮಗ್ಳು ಚೆನ್ನಾಗ್ ಮಾತಾಡಿದ್ಲು" ಅಂದೆ.

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ತಟ್ಟಲಿಲ್ಲ. ಅವರಿಗೆ ಬರುತ್ತಿದ್ದದ್ದು ಒಂದೇ ಕೈ. ಅದಕ್ಕೇ ತಟ್ಟಲಿಲ್ಲವೋ, ಬೇರೆ ಕಾರಣಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಕಾರಿನಲ್ಲಿ ಯಜಮಾನರು ದಾರಿಯುದ್ದಕ್ಕೂ ಮಾತಾಡಿದರು. ನಾನೂ ಮಾತಾಡಿದೆ, ಸಂತೋಷ ಸುಳ್ಳಾಗಿರಲಿಲ್ಲ. ಊರಿಗೆ ಬಂದು ಮೇಷ್ಟ್ರನ್ನು ಅವರ ಜಗಲಿಗೆ ಹತ್ತಿಸುವಾಗ, "ತಪ್ಪಾಯ್ತು ಮೇಷ್ಟ್ರೇ, ಬಾಯೇ ಬರ್ಲಿಲ್ಲ" ಅಂದೆ. ಅವರು ತಲೆ ಆಡಿಸಿದರು. ಹೌದು ಅಂತಲೋ, ಪರವಾಗಿಲ್ಲ ಅಂತಲೋ. ಮಾತಿದ್ದಿದ್ದರೆ ಹೇಳುತ್ತಿದ್ದರು. ಮುಂದಿನ ಬೆಳೆಯ ಗೂಡು ಬಿಡಿಸುವುದರೊಳಗೆ ಹೋಗಿಬಿಟ್ಟರು.

ಮೊಮ್ಮಗಳು ಮಣ್ಣಿಗೆ ಬಂದಳು. ಅತ್ತಳು. ಎರಡು ದಿನ ಬಿಟ್ಟು ಗೂಡು ಬಿಡಿಸುವಾಗ ನನ್ನ ಪಕ್ಕ ಬಂದು ಕೂತಳು. ಯಜಮಾನರು ಅಷ್ಟರಲ್ಲಿ ಬಿಡಿಸಿದ್ದ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗಿದ್ದರು. ಆಗ ಎಲ್ಲ ಹೇಳಿದೆ, ತಾತ ಹೇಳಿದ ಗುರುತಿಗೆ ಆ ಸಲ ನಾನು ವೋಟು ಹಾಕಿರಲಿಲ್ಲ ಅನ್ನುವುದನ್ನೂ, ಚೀಟಿಯ ಕತೆಯನ್ನೂ. ಈ ಬರಹ ಅಚ್ಚಾದರೆ ಯಜಮಾನರೂ ಓದುತ್ತಾರೆ. ಓದಲಿ, ಈ ವಯಸ್ಸಿನಲ್ಲಿ ಇನ್ನೇನು.

ಅವಳ ಕೈ ನಿಂತುಹೋಯಿತು. "ಅವತ್ತೇ ಯಾಕಜ್ಜಿ ಹೇಳ್ಲಿಲ್ಲ? ನಾನು ಅಷ್ಟು ಜನರ ಮುಂದೆ ತಪ್ಪು ಹೇಳಿದ್ನಲ್ಲ."

"ಫಾರಂ ತಂದಾಗ ನೀನು ತಾತನ್ನ ಕೇಳ್ದೆ. ನಾನು ಒಳ್ಗೇ ಇದ್ದೆ ಕಣೆ."

ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿದಳು. ಆಮೇಲೆ, "ನಮ್ಮನೇದೇ ಹಿಂಗೆ ಅಂದ್ರೆ, ನಾನು ಬರ್ಕೊಂಡ್ ಬಂದ ಅಷ್ಟೂ ಮನೇದು ಏನ್ ಕತೆ" ಅಂದಳು. ಎಷ್ಟು ಮನೆಗೆ ಹೋಗಿದ್ದಳೋ, ಅಷ್ಟೂ ಮನೆಯ ಅಡುಗೆಕೋಣೆ ಅವಳ ಕಣ್ಣ ಮುಂದೆ ಬಂದಿರಬೇಕು.

"ಓಗ್ಲಿ ಬಿಡು. ಮೇಷ್ಟ್ರ ಪ್ರಶ್ನೇಗೆ ಉತ್ತರ ಏನು? ನೀನಾದ್ರೂ ಏಳು."

"ಬೂತಿನ ಪಟ್ಟೀಲಿ ಒಂದು ನಂಬರಾಗಿ ಬರ್ದಿರ್ತಾರಜ್ಜಿ. ಅಲ್ಲಿಂದ ಮುಂದಕ್ಕೆ ಎಲ್ಲಿಗೂ ಹೋಗಲ್ಲ. ಯಾಕೆ ಹೋಗಲ್ಲ ಅಂತ ಕೇಳಿದ್ರೆ ನನ್ ಹತ್ರ ಉತ್ತರ ಇಲ್ಲ."

ಇಲ್ಲ ಅಂದಳಲ್ಲ, ಅದಕ್ಕೇ ನನಗೆ ಮತ್ತೆ ಹಿಗ್ಗು. ಇಷ್ಟು ಓದಿದವಳು ನನ್ನಂಥವಳ ಮುಂದೆ ಗೊತ್ತಿಲ್ಲ ಅಂದಳು. ಅದನ್ನು ಅವಳಿಗೆ ಕಲಿಸಿದವರು ಯಾರು ಅಂತ ನನಗೆ ಗೊತ್ತು.

ಅವಳು ಚೀಲದಿಂದ ಹೊಸ ಫಾರಂ ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು. "ನೀನೇ ಹೇಳು ಈಗ. ಆ ಸಲ ಯಾರಿಗೆ ಹಾಕಿದ್ದೆ?"

"ಅದ್ನ ಏಳಲ್ಲ."

"ಮೇಷ್ಟ್ರಿಗೆ ಮಾತ್ರ ಹೇಳಿದ್ಯಾ?"

"ಅವ್ರಿಗೂ ಏಳಿಲ್ಲ. ನನ್ ಮಾತು ಜೇಬಲ್ಲಿಟ್ಕೊಂಡು ಅಷ್ಟು ವರ್ಷ ಬಸ್ಸು ಅತ್ತಿದ್ರು. ಒಂದ್ ದಿನಾನೂ ಕೇಳ್ಲಿಲ್ಲ ಕಣೆ."

ಮೊಮ್ಮಗಳು ಪೆನ್ನಿನ ಮುಚ್ಚಳ ಹಾಕಿದಳು.